ಬ್ಯಾಡಗಿ ಗೋಡೆಯ ಮೇಲೊಂದು ಬಾಂಬರ್ ವಿಮಾನ

ಗೋಡೆಯ ಮೇಲೆ ಚಿತ್ರ ಬರೆಯುವುದನ್ನು ಕಲಿಯಬೇಕು ಎಂದು ಈಚೆಗೆ ಹಾವೇರಿ ಕಡೆಯಿಂದ ಹುಡುಗ ಹುಡುಗಿಯರು ನನ್ನ ಮನೆಗೆ ಬರುತ್ತಾರೆ. ಕುಳಿತ ಕೂಡಲೇ ಬಣ್ಣದ ವಿಷಯ ತೆಗೆಯುತ್ತಾರೆ. ಯಾವ ಬಣ್ಣ ಬಿಸಿಲಿಗೆ ತಡೆಯುತ್ತದೆ, ಟರ್ಪೆಂಟೈನ್ ಎಷ್ಟು ಹಾಕಬೇಕು, ಬ್ರಶ್ಶು ಯಾವ ನಂಬರಿನದು. ನಾನು ಅವರಿಗೆ ಮೊದಲು ಹೇಳುವುದು ಏಣಿಯ ವಿಷಯ. ಏಣಿ ಹತ್ತಿದವನ ಮುಖ ಗೋಡೆಗಿರುತ್ತದೆ, ಬೆನ್ನು ಊರಿಗಿರುತ್ತದೆ. ಆ ಬೆನ್ನಿಗೆ ಇಡೀ ಊರು ಬುದ್ಧಿ ಹೇಳುತ್ತದೆ. ಹಾಲು ಹಾಕಲು ಹೊರಟವರು, ಕೋರ್ಟಿಗೆ ಹೊರಟವರು, ತಪ್ಪಿಸಿಕೊಂಡ ಎಮ್ಮೆ ಹುಡುಕಲು ಹೊರಟವರು, ಎಲ್ಲರೂ ಎರಡು ನಿಮಿಷ ನಿಂತು, "ಪೇಂಟರ್, ಎಡಗಣ್ಣು ಸ್ವಲ್ಪ ಮ್ಯಾಲಾತು ನೋಡ್ರಿ" ಎಂದು ಹೇಳಿಯೇ ಮುಂದೆ ಹೋಗುತ್ತಾರೆ. ಹತ್ತರಲ್ಲಿ ಒಂಬತ್ತು ಮಂದಿ ಹೇಳುವುದು ಸುಳ್ಳು. ಆದರೆ ಖರೇ ಹೇಳುವ ಆ ಹತ್ತನೆಯವನು ಯಾರೆಂದು ಬೆನ್ನಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಹತ್ತೂ ಮಂದಿಗೆ "ಹೌದ್ರಿ" ಎನ್ನುವುದೇ ಕ್ಷೇಮ.

ನಾನು ಈರಣ್ಣ. ರಾಣೇಬೆನ್ನೂರಿನಲ್ಲಿ ದಸ್ತಗೀರ ಉಸ್ತಾದರ ಕೈಯಲ್ಲಿ ಕೆಲಸ ಕಲಿತವನು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಕನ್ನಡ, ಉರ್ದು, ಇಂಗ್ಲಿಷು, ಮೂರೂ ಅಕ್ಷರ ಅವರ ಕೈಯಿಂದ ನೀರು ಹರಿದಂತೆ ಇಳಿಯುತ್ತಿದ್ದವು. ಮೊದಲ ವರ್ಷ ನನಗೆ ಬ್ರಶ್ ತೊಳೆಯುವುದು, ಗೋಡೆಗೆ ಗೆರೆ ಹೊಡೆಯಲು ದಾರಕ್ಕೆ ನೀಲಿ ಪುಡಿ ಹಚ್ಚುವುದು, ಇಷ್ಟೇ ಕೆಲಸ. ಎರಡನೆಯ ವರ್ಷ ಒಂದು ಕಿರಾಣಿ ಅಂಗಡಿಯ ಬೋರ್ಡು ನನ್ನ ಕೈಗೆ ಬಂತು. "ಇಲ್ಲಿ ಶುದ್ಧ ತುಪ್ಪ ದೊರೆಯುತ್ತದೆ" ಎಂದು ಬರೆಯಬೇಕಿತ್ತು. ನಾನು ಉಮೇದಿಯಲ್ಲಿ ಒಂದು ಅಕ್ಷರಕ್ಕೆ ಕೊಡಬೇಕಾದ ಕೊಂಬನ್ನು ಮುಂದಿನ ಅಕ್ಷರಕ್ಕೆ ಕೊಟ್ಟೆ. "ಇಲ್ಲಿ ಶುದ್ಧ ತಪ್ಪು ದೊರೆಯುತ್ತದೆ" ಎಂದಾಯಿತು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಮಾಲೀಕರು ನೋಡಿದರು, ಉಸ್ತಾದರು ನೋಡಿದರು, ಯಾರಿಗೂ ಕಾಣಲಿಲ್ಲ. ಎರಡು ದಿನ ಬಿಟ್ಟು ಕಾಲೇಜಿನ ಹುಡುಗರು ಅಂಗಡಿಗೆ ಸಾಲುಗಟ್ಟಿ ಬಂದು, "ಸಾವ್ಕಾರ್ರ, ಅರ್ಧ ಕಿಲೋ ತಪ್ಪು ಕೊಡ್ರಿ, ಶುದ್ಧ ಇರಬೇಕು ಮತ್ತ" ಎನ್ನತೊಡಗಿದಾಗಲೇ ಗೊತ್ತಾದದ್ದು.

ಉಸ್ತಾದರು ಬಯ್ಯಲಿಲ್ಲ. ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಹೇಳಿದರು: "ಬೇಟಾ, ಬರದದ್ದು ಓದಬ್ಯಾಡ. ಓದಿದ್ರ ಕಣ್ಣು ತನಗ ಬೇಕಾದ್ದ ಓದತೈತಿ. ಕಡೀ ಅಕ್ಷರದಿಂದ ಹಿಂದಕ್ಕ ಒಂದೊಂದ ಎಣಿಸ್ಕೋತ ಬಾ." ಈಗಲೂ ನಾನು ಮದುವೆ ಪತ್ರಿಕೆಯನ್ನು ಕೂಡ ಹಿಂದಿನಿಂದ ನೋಡುತ್ತೇನೆ. ನನ್ನ ಹೆಂಡತಿಗೆ ಇದು ಹುಚ್ಚಿನಂತೆ ಕಾಣುತ್ತದೆ.

ಐರಣಿಯ ಒಬ್ಬ ಲಾರಿ ಡ್ರೈವರ್ ತನ್ನ ಲಾರಿಯ ಹಿಂಬದಿಗೆ ಹುಲಿ ಬರೆಸಿದ. ನಾನು ಅಲ್ಲಿಯವರೆಗೆ ಹುಲಿ ನೋಡಿರಲಿಲ್ಲ, ನಮ್ಮ ಮನೆಯ ಬೆಕ್ಕನ್ನು ನೋಡಿ ದೊಡ್ಡದು ಮಾಡಿ ಬರೆದೆ. ಅವನು ಬಹಳ ಹೊತ್ತು ದಿಟ್ಟಿಸಿ, "ಇದು ಹಾಲು ಕುಡೀತೈತೇನ್ರಿ?" ಎಂದು ಕೇಳಿದ. ಆದರೂ ಅಳಿಸಲಿಲ್ಲ. ಅದು 'ಬೆಕ್ಕಿನ ಲಾರಿ' ಎಂದು ಹೆಸರಾಗಿ, ಆ ಹೆಸರಿನ ಮೇಲೆ ಅವನಿಗೆ ಬಾಡಿಗೆ ಹೆಚ್ಚು ಸಿಕ್ಕಿತಂತೆ. ನೋಡದ್ದನ್ನು ಬರೆಯಬಾರದು ಎಂಬ ಪಾಠ ಅಲ್ಲಿಗೇ ಕಲಿಯಬೇಕಿತ್ತು. ಕಲಿಯಲಿಲ್ಲ. ಅದನ್ನು ಕಲಿತದ್ದು ಬ್ಯಾಡಗಿಯಲ್ಲಿ, ಒಂದು ಬಾಂಬರ್ ವಿಮಾನದ ಕೆಳಗೆ. ಆ ಕೆಲಸದ ವಿಷಯ ಹೇಳಬೇಕೆಂದೇ ಇಷ್ಟು ಪೀಠಿಕೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಹುಬ್ಬಳ್ಳಿಯಿಂದ ಫ್ಲೆಕ್ಸ್ ಬಂದಿಳಿದು ನಮ್ಮ ಹೊಟ್ಟೆಯ ಮೇಲೆ ಕುಳಿತಿತ್ತು. ನಾವು ಎಂಟು ದಿನ ಬರೆಯುತ್ತಿದ್ದ ಬೋರ್ಡನ್ನು ಯಂತ್ರ ಎಂಟು ನಿಮಿಷಕ್ಕೆ ಉಗುಳುತ್ತಿತ್ತು. ಉಸ್ತಾದರು ಕಣ್ಣು ಮಂಜಾಗಿ ಮನೆಯಲ್ಲಿದ್ದರು. ನಾನು ಬೈಕುಗಳ ನಂಬರ್ ಪ್ಲೇಟ್ ಬರೆದುಕೊಂಡು ಕುಳಿತಿದ್ದಾಗ ಬ್ಯಾಡಗಿಯ ಒಂದು ಹೈಸ್ಕೂಲಿನ ಹೆಡ್‌ಮಾಸ್ತರರು ಹುಡುಕಿಕೊಂಡು ಬಂದರು. ಅವರ ಶಾಲೆಯಲ್ಲಿ ಓದಿದ ಚನ್ನಬಸಪ್ಪ ಎಂಬ ಹುಡುಗ ವಾಯುಪಡೆ ಸೇರಿ, ಬಾಂಬರ್ ಪೈಲೆಟ್ ಆಗಿ, ಎಪ್ಪತ್ತೊಂದರ ಯುದ್ಧದಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ತೀರಿಹೋಗಿದ್ದ. ರಸ್ತೆಗೆ ಮುಖ ಮಾಡಿದ ಶಾಲೆಯ ದೊಡ್ಡ ಗೋಡೆಯ ಮೇಲೆ ಅವನ ಚಿತ್ರ ಆಗಬೇಕಿತ್ತು.

"ಕಮಿಟಿಯವರು ಫ್ಲೆಕ್ಸ್ ಅಂದ್ರು. ಪೈಲೆಟ್ಟಿನ ಅಕ್ಕ ಒಪ್ಪಲಿಲ್ಲ," ಎಂದರು ಹೆಡ್‌ಮಾಸ್ತರರು. "ಗಾಳಿಗೆ ಪಟಪಟ ಅನ್ನೂದು ನನಗ ಬ್ಯಾಡ, ಗೋಡಿ ಇರೂತನ ಇರಬೇಕು ಅಂದ್ರು."

ನಾನು ಅಂದೇ ಏಣಿಯನ್ನು ಟೆಂಪೋಕ್ಕೆ ಹಾಕಿದೆ. ಅದುವರೆಗೆ ನಾನು ವಿಮಾನವನ್ನು ಹತ್ತಿರದಿಂದ ನೋಡಿರಲಿಲ್ಲ ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪೈಲೆಟ್ಟಿನ ಅಕ್ಕ ಗಂಗಕ್ಕ. ಅರವತ್ತರ ಹತ್ತಿರದ ವಯಸ್ಸು, ಗಟ್ಟಿ ದನಿ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಶೆಡ್ಡು ನಡೆಸುತ್ತಿದ್ದರು. ಇಪ್ಪತ್ತು ಹೆಂಗಸರು ಕೆಂಪು ರಾಶಿಯ ಸುತ್ತ ಕುಳಿತು ತೊಟ್ಟು ಮುರಿಯುತ್ತಿದ್ದರು. ಒಳಗೆ ಕಾಲಿಟ್ಟ ನಾನು ಹೆಸರು ಹೇಳುವ ಮೊದಲೇ ಏಳು ಸೀನು ಸೀನಿದೆ. ಗಂಗಕ್ಕ ಒಂದೊಂದನ್ನೂ ಎಣಿಸಿದರು.

"ಏಳು. ಪರವಾಗಿಲ್ಲ. ಹಿಂದಕ ಒಬ್ಬ ಬ್ಯಾಂಕ್ ಸಾಹೇಬ ಬಂದಿದ್ದ, ಇಪ್ಪತ್ಮೂರು ಸೀನಿ ಬಂದ ಕೆಲಸ ಮರತ ಹೋದ," ಎಂದರು. ಹೆಂಗಸರೆಲ್ಲ ನಕ್ಕರು.

ಫೋಟೋ ಕೇಳಿದೆ. ತಂದು ಕೊಟ್ಟದ್ದು ಹೆಬ್ಬೆರಳಿನಷ್ಟು ದೊಡ್ಡದು. ಗುರುತಿನ ಚೀಟಿಗೆ ತೆಗೆಸಿದ್ದು. ಅದರಲ್ಲಿ ಹುಡುಗ ತುಟಿ ಬಿಗಿದು, ಹಲ್ಲುನೋವು ಬಂದವನಂತೆ ಕುಳಿತಿದ್ದ.

"ಇಂವ ನಮ್ಮ ಚನ್ನು ಅಲ್ಲ," ಎಂದರು ಗಂಗಕ್ಕ. "ಇದು ಸರಕಾರದ ಮಾರಿ. ನಮ್ಮ ಚನ್ನು ಸುಮ್ಮನ ಕುಂತದ್ದ ಇಲ್ಲ. ನೀ ನಗೂ ಮಾರಿ ಬರೀಬೇಕು."

"ನಾ ಅವರನ್ನ ನೋಡಿಲ್ಲರಿ ಅಕ್ಕಾರ."

"ನಾ ಹೇಳ್ತೇನಲ್ಲ, ಕೇಳು."

ಅಲ್ಲಿ ಕುಳಿತು ಕೇಳಿದೆ. ಚನ್ನು ಗಂಗಕ್ಕನಿಗಿಂತ ಎರಡು ವರ್ಷ ಚಿಕ್ಕವನು. ಅಪ್ಪ ಮೆಣಸಿನಕಾಯಿ ವ್ಯಾಪಾರಿ, ಮಾತು ಕಡಿಮೆ. ಒಂದು ಶನಿವಾರ ಅಪ್ಪ ಇಬ್ಬರನ್ನೂ ಕದರಮಂಡಲಗಿಯ ಆಂಜನೇಯನಿಗೆ ಎಣ್ಣೆ ಕೊಟ್ಟು ಬರಲು ಕಳಿಸಿದರು. ಚನ್ನು ಅಕ್ಕನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡ. ಗುಡಿಯಲ್ಲಿ ಕೈಮುಗಿದು ಎಲ್ಲರಿಗೂ ಕೇಳುವ ಹಾಗೆ, "ಹಣಮಪ್ಪ, ನೀ ರೆಕ್ಕಿ ಇಲ್ಲದ ಹಾರಿದಿ. ನನಗ ಆಗೂದಿಲ್ಲ, ರೆಕ್ಕಿ ಕೊಡಸು" ಎಂದನಂತೆ. ಪೂಜಾರಿ ನಕ್ಕರು. ತಿರುಗಿ ಬರುವಾಗ ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು, ರೆಕ್ಕೆಯಂತೆ ಚಾಚಿ, "ಅಕ್ಕಾ, ಎದ್ದಿತು ನೋಡು, ನೆಲ ಬಿಟ್ಟಿತು ನೋಡು!" ಎಂದು ಕೂಗಿದ. ನೆಲ ಬಿಟ್ಟದ್ದು ಖರೇ. ಇಬ್ಬರೂ ಹೋಗಿ ಬಿದ್ದದ್ದು ರಸ್ತೆ ಬದಿಯ ತಗ್ಗಿನಲ್ಲಿ.

ಗಂಗಕ್ಕ ತುಟಿ ಎತ್ತಿ ಮುಂದಿನ ಮುರುಕು ಹಲ್ಲು ತೋರಿಸಿದರು. "ನೋಡು, ಇದು ಅವನ ಮೊದಲನೇ ವಿಮಾನ ಅಪಘಾತ. ಅಪ್ಪಗ 'ಅಕ್ಕ ಗುಡಿ ಕಂಬಕ್ಕ ಹಾದು ಹಲ್ಲು ಮುರಕೊಂಡ್ಲು' ಅಂತ ಹೇಳಿದ. ನಾನೂ ಹೌದು ಅಂದೆ. ಕಂಬಕ್ಕ ಹಾಯೂ ಹುಡುಗಿ ಅಂತ ಎರಡು ವರ್ಷ ನನಗ ಗಂಡು ಬರಲಿಲ್ಲ!"

ವಾಯುಪಡೆಯ ಪರೀಕ್ಷೆಗೆ ಹೋದದ್ದೂ ಹಾಗೆಯೇ. ಹುಬ್ಬಳ್ಳಿಗೆ ಮೆಣಸಿನಕಾಯಿಯ ದರ ಕೇಳಿ ಬರುತ್ತೇನೆಂದು ಹೋದವನು ಹನ್ನೆರಡು ದಿನಕ್ಕೆ ಬಂದ. ಅಪ್ಪ, "ಏನೈತಿ ದರ?" ಎಂದರು. "ಬಾಳ ಮ್ಯಾಲ ಐತಿ ಅಪ್ಪಾ, ಮೂವತ್ತು ಸಾವಿರ ಫೂಟ್" ಎಂದು ಆಯ್ಕೆಯ ಪತ್ರ ಮುಂದಿಟ್ಟ. ಅಪ್ಪ ಒಂದು ತಿಂಗಳು ಮಾತು ಬಿಟ್ಟರು. ಹೊರಡುವ ದಿನ ಮಾತ್ರ ಸ್ಟೇಷನ್ನಿಗೆ ತಾವೇ ಟ್ರಂಕು ಹೊತ್ತು ಬಂದರು.

ಊರಲ್ಲಿ ಇನ್ನೊಂದು ಕಥೆ ಓಡಾಡುತ್ತಿತ್ತು. ಪೈಲೆಟ್ ಆದ ಮೇಲೆ ಒಂದು ಬೇಸಿಗೆಯಲ್ಲಿ ಅವನು ಬಾಂಬರನ್ನು ಬ್ಯಾಡಗಿಯ ಮೇಲೆಯೇ ತಂದು, ಮಾಳಿಗೆ ಮುಟ್ಟುವಷ್ಟು ಕೆಳಗೆ ಹಾರಿಸಿದ, ಒಣಹಾಕಿದ ಮೆಣಸಿನಕಾಯೆಲ್ಲ ಹಾರಿ ಊರು ಕೆಂಪಾಯಿತು ಎಂದು. ನಾನು ಏಣಿಯ ಮೇಲಿದ್ದ ಅಷ್ಟೂ ದಿನ ಕನಿಷ್ಠ ನಲವತ್ತು ಮಂದಿ ಕೆಳಗೆ ನಿಂತು, ಅದನ್ನು ತಾವೇ ಕಣ್ಣಾರೆ ನೋಡಿದ್ದಾಗಿ ಆಣೆ ಮಾಡಿದರು. ಅದರಲ್ಲಿ ಹನ್ನೆರಡು ಮಂದಿ ಆಗ ಹುಟ್ಟಿಯೇ ಇರಲಿಲ್ಲ. ಗಂಗಕ್ಕನನ್ನು ಕೇಳಿದರೆ, "ವಿಮಾನ ಬಂದದ್ದು ಖರೇ. ಅಂವನ ಅಂತ ಹೆಂಗ ಹೇಳ್ಲಿ? ಆಮ್ಯಾಲ ಕೇಳಿದ್ರ ನಕ್ಕ ಬಿಟ್ಟ" ಎಂದರು.

ಸರಿ, ಗೋಡೆಗೆ ಚೌಕ ಚೌಕ ಗೆರೆ ಹಾಕಿ ಕೆಲಸ ಶುರು ಮಾಡಿದೆ. ವಿಮಾನದ ಚಿತ್ರ ಯಾರ ಹತ್ತಿರವೂ ಇರಲಿಲ್ಲ. ಮಕ್ಕಳ ಚಾರ್ಟೊಂದರಲ್ಲಿ 'ವಾಹನಗಳು' ಎಂಬ ಸಾಲಿನಲ್ಲಿ ಒಂದು ವಿಮಾನವಿತ್ತು. ಅದನ್ನೇ ಹದಿನೆಂಟು ಅಡಿ ಉದ್ದಕ್ಕೆ ಎಳೆದೆ. ಎರಡು ರೆಕ್ಕೆಗೆ ನಾಲ್ಕು ಫ್ಯಾನು, ಹೊಟ್ಟೆಯುದ್ದಕ್ಕೂ ಕಿಟಕಿ. ಕಿಟಕಿಗಳಿಗೆ ಪರದೆ ಕೂಡ ಬರೆದೆ, ಚೆಂದ ಕಂಡಿತು. ಪೈಲೆಟ್ಟಿಗೆ ನಗು ಬರೆದೆ. ಅದು ಹಲ್ಲುಪುಡಿಯ ಜಾಹೀರಾತಿನಂತೆ ಬಂತು. ಹೆಡ್‌ಮಾಸ್ತರರಿಗೆ ಅನುಮಾನ ಬಂದು, ಬೆಳಗಾವಿಯಲ್ಲಿದ್ದ ವಾಯುಪಡೆಯಿಂದ ನಿವೃತ್ತರಾದ ತಮ್ಮ ಸಂಬಂಧಿಕರೊಬ್ಬರಿಗೆ, 'ನಮ್ಮ ಚನ್ನಬಸಪ್ಪನವರು ಹಾರಿಸುತ್ತಿದ್ದ ವಿಮಾನದ ಚಿತ್ರ ಸಿಕ್ಕರೆ ಕಳಿಸಿ' ಎಂದು ಪತ್ರ ಬರೆದರು.

ಹದಿನೈದು ದಿನಕ್ಕೆ, ನಾನು ಐದನೆಯ ಕಿಟಕಿಯ ಪರದೆಗೆ ಹೂವು ಬರೆಯುತ್ತಿದ್ದಾಗ, ಕೆಳಗಿನಿಂದ ಒಂದು ದನಿ ಬಂತು.

"ಪೇಂಟರ್, ಈ ಫ್ಯಾನು ಯಾಕ್ರಿ?"

"ಹೌದ್ರಿ," ಎಂದೆ.

"ಹೌದಲ್ಲ. ಯಾಕ ಅಂತ ಕೇಳಿದೆ. ಬಾಂಬರಿನ್ಯಾಗ ಶೆಕಿ ಆಗತೈತೇನು? ಮತ್ತ ಪರದೆ ಬ್ಯಾರೆ ಹಾಕೀರಿ. ಒಳಗ ಬಾಣಂತಿ ಅದಾಳೇನು?"

ಆ ದಿನ ಅದು ನನಗೆ ಹದಿನಾರನೆಯ ಸಲಹೆ. ಸಿಟ್ಟು ನೆತ್ತಿಗೇರಿತು. ತಿರುಗದೆಯೇ, "ನೀವೇನು ಪೈಲೆಟ್ಟೇನ್ರಿ?" ಎಂದೆ.

"ಅಲ್ರಿ. ನಾ ಅದರಾಗ ಮಲಕೊಂಡ ಹೋಗಾಂವ."

ತಿರುಗಿ ನೋಡಿದೆ. ಬಿಳಿ ಅಂಗಿಯ, ದಪ್ಪ ಕನ್ನಡಕದ, ಒಂದು ಕಾಲು ತುಸು ಎಳೆಯುವ ಮನುಷ್ಯ. ಕೈಯಲ್ಲಿ ಹೆಡ್‌ಮಾಸ್ತರರ ಪತ್ರ. ಅದು ಬೆಳಗಾವಿಯಲ್ಲಿ ಕೈ ದಾಟಿ ಇವರಿಗೆ ಮುಟ್ಟಿತ್ತು. ಹೆಸರು ದೇಸಾಯಿ. ಚನ್ನುವಿನ ಬಾಂಬರಿನಲ್ಲಿ ಇದ್ದದ್ದೇ ಇಬ್ಬರು. ಹಾರಿಸುವವನು ಚನ್ನು, ದಾರಿ ತೋರಿಸಿ ಗುರಿ ನೋಡುವ ನ್ಯಾವಿಗೇಟರ್ ಈ ದೇಸಾಯಿ. ಗುರಿ ನೋಡುವಾಗ ವಿಮಾನದ ಮೂತಿಯೊಳಗೆ ಹೊಟ್ಟೆಯ ಮೇಲೆ ಮಲಗಿ ಗಾಜಿನಿಂದ ಕೆಳಗೆ ನೋಡುವುದು ಅವರ ಕೆಲಸ. ನಾನು ಸರಸರ ಇಳಿದು ಅವರ ಕೈ ಹಿಡಿದೆ. ಕೈಯಲ್ಲಿದ್ದ ಬಣ್ಣವೆಲ್ಲ ಅವರ ಬಿಳಿ ಅಂಗಿಗೆ ಹತ್ತಿತು.

ಹೆಡ್‌ಮಾಸ್ತರರೂ ನಾನೂ ಅವರನ್ನು ಗಂಗಕ್ಕನ ಶೆಡ್ಡಿಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಅವರು ಎರಡು ಸಲ ನಿಂತರು. ಕಾಲುನೋವೇ ಎಂದು ಕೇಳಿದೆ. "ಇಲ್ಲ, ಹಂಗ," ಎಂದರು. ಒಳಗೆ ಹೋದ ಕೂಡಲೇ ಮೂವರೂ ಸೀನತೊಡಗಿದೆವು. ದೇಸಾಯಿ ಹತ್ತೊಂಬತ್ತು ಸೀನಿದರು. ಗಂಗಕ್ಕ ಎಣಿಸುತ್ತಲೇ ಇದ್ದರು. ಹೆಡ್‌ಮಾಸ್ತರರು ಸೀನುಗಳ ನಡುವೆ ತುಂಡು ತುಂಡಾಗಿ, "ಇವರು... ಚನ್ನುನ ಜೊತಿ... ವಿಮಾನದಾಗ..." ಎಂದರು. ಗಂಗಕ್ಕನ ಎಣಿಕೆ ನಿಂತಿತು. ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟು, ಸೆರಗಿನಿಂದ ಒಂದು ಮಣೆ ಒರೆಸಿದರು. "ಕುಂದರ್ರಿ," ಎಂದರು.

ಗಂಗಕ್ಕ ಮೊದಲು ಕೇಳಿದ್ದು, "ಆ ವರ್ಷ ಬ್ಯಾಡಗಿ ಮ್ಯಾಲ ವಿಮಾನ ತಂದಾಂವ ಅಂವನ ಏನ್ರಿ?"

ದೇಸಾಯಿ ಕನ್ನಡಕ ತೆಗೆದು ಒರೆಸಿದರು. "ನಕ್ಷೆ ಹಿಡಿದಾಂವ ನಾನು. ಬ್ಯಾಡಗಿ ನಮ್ಮ ದಾರ್ಯಾಗ ಇರಲಿಲ್ಲ," ಎಂದರು. ಗಂಗಕ್ಕನ ಮುಖ ಇಳಿಯಿತು. ದೇಸಾಯಿ ಮುಂದುವರಿಸಿದರು. "ಹಾರಾಟದ ಲೆಕ್ಕದ ಪುಸ್ತಕದಾಗ 'ದಾರಿ ತಪ್ಪಿದೆವು' ಅಂತ ಬರದೀನಿ. ನಾ ನನ್ನ ನೌಕರ್ಯಾಗ ಒಮ್ಮೆನೂ ದಾರಿ ತಪ್ಪಿದಾಂವಲ್ಲ, ಅಕ್ಕಾರ. 'ಎಡಕ್ಕ ಒಂಚೂರು ಹೊಳ್ಳೋಣಪಾ, ನಮ್ಮಕ್ಕ ಮಾಳಗಿ ಮ್ಯಾಲ ಮೆಣಸಿನಕಾಯಿ ಹರವಿರ್ತಾಳ' ಅಂದ. ಹೊಳ್ಳಿದ್ವಿ. ನಾ ಮೂತ್ಯಾಗ ಮಲಕೊಂಡ ನೋಡೀನಿ. ಹಸಿರು ಸೀರಿ ಉಟ್ಟ ಒಬ್ಬಾಕಿ ಆಕಾಶಕ್ಕ ಕಸಬರಿಗಿ ಬೀಸಾಕತ್ತಿದ್ಲು."

"ನಾನ!" ಎಂದು ಗಂಗಕ್ಕ ಎದ್ದೇ ನಿಂತರು. "ನಾನ ಅದು! ನಾಲ್ಕು ದಿನ, ನಾಲ್ಕು ದಿನ ಓಣ್ಯಾಗೆಲ್ಲ ಮೆಣಸಿನಕಾಯಿ ಆರಿಸೀನಿ! ಗಟಾರದಾಗೂ ಬಿದ್ದಿದ್ದವು! ನೀವಿಬ್ಬರೂ ಮ್ಯಾಲ ನಗಾಕತ್ತಿದ್ರೇನು?"

"ಅಂವ ನಗತಿದ್ದ. ನಾ ನೌಕರಿ ಹೋತು ಅಂತ ಅಳತಿದ್ದೆ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಹೆಂಗಸರು ನಗುತ್ತ ಸೀನಿದರು, ಸೀನುತ್ತ ನಕ್ಕರು. ಗಂಗಕ್ಕ ಹೊಟ್ಟೆ ಹಿಡಿದುಕೊಂಡು ಮೆಣಸಿನಕಾಯಿಯ ಚೀಲಕ್ಕೆ ಒರಗಿದರು. ಮೂವತ್ತೆರಡು ವರ್ಷ ಊರಿನ ಬಾಯಲ್ಲಿದ್ದ ಗಾಳಿಸುದ್ದಿ ಆ ಹೊತ್ತಿಗೆ ಖರೇ ಆಯಿತು. ನಾನೂ ನಕ್ಕೆ. ಆಗ ನನಗೆ ನನ್ನ ಕಸುಬು ನೆನಪಾಯಿತು. ಗಂಗಕ್ಕನ ಆ ನಗುವಿನಲ್ಲಿ ಎಡಗೆನ್ನೆ ಮೇಲೆದ್ದು ಎಡಗಣ್ಣು ಪೂರ್ತಿ ಮುಚ್ಚುತ್ತಿತ್ತು, ಬಲಗಣ್ಣು ಮಾತ್ರ ತೆರೆದಿರುತ್ತಿತ್ತು. ಜೇಬಿನಲ್ಲಿದ್ದ ಪೆನ್ಸಿಲ್ ತೆಗೆದು, ಖಾಲಿ ಚೀಲದ ಚೀಟಿಯ ಹಿಂದೆ ಗೀಚಿಕೊಂಡೆ. "ಅಕ್ಕಾರ, ಚನ್ನು ಅವರೂ ಹಿಂಗ ನಗತಿದ್ರೇನ್ರಿ?" ಎಂದು ಕೇಳಿದೆ. ಉತ್ತರ ಕೊಟ್ಟವರು ದೇಸಾಯಿ. "ಹಿಂಗ. ಥೇಟ್ ಹಿಂಗ. ಒಂದು ಕಣ್ಣು ಮುಚ್ಚಿ," ಎಂದರು. ಅಷ್ಟು ಹೇಳಿ ಅವರು ನಗುವುದನ್ನು ನಿಲ್ಲಿಸಿದರು.

ಮುಂದಿನದನ್ನು ಯಾರೂ ಕೇಳದೆಯೇ ಅವರೇ ಹೇಳಿದರು. ಡಿಸೆಂಬರ್ ತಿಂಗಳು. ಗಡಿಯಾಚೆಗೆ ಬಾಂಬು ಹಾಕಿ ತಿರುಗಿ ಬರುತ್ತಿದ್ದರು. ಹೆದರಿಕೆಯಾದಾಗೆಲ್ಲ ಚನ್ನು ಬಸ್ಸಿನ ಕಂಡಕ್ಟರನಾಗುತ್ತಿದ್ದನಂತೆ. ಗುರಿ ಹತ್ತಿರ ಬಂದರೆ ಇಬ್ಬರೂ ಕಿವಿಗೆ ಹಾಕಿಕೊಂಡಿದ್ದ ಮಾತಿನ ಯಂತ್ರದಲ್ಲಿ, "ಮುಂದಿನ ಸ್ಟಾಪ್ ಹಾವೇರಿ, ಚೀಲ ಇಳಿಸೋರು ತಯಾರಾಗ್ರಿ" ಎನ್ನುತ್ತಿದ್ದ. ಮಲಗಿದ ದೇಸಾಯಿಗೆ ನಗು ತಡೆದುಕೊಂಡು ಗುರಿ ನೋಡುವುದೇ ಕಷ್ಟವಾಗುತ್ತಿತ್ತು. ಅಂದು ಚೀಲ ಇಳಿಸಿಯೂ ಆಗಿತ್ತು. ಗಡಿ ದಾಟುವ ಮೊದಲೇ ಕೆಳಗಿನಿಂದ ಗುಂಡು ಬಡಿದು ಬಲಗಡೆಯ ಎಂಜಿನ್ನಿಗೆ ಬೆಂಕಿ ಹತ್ತಿತು. ಹೇಗೋ ನಮ್ಮ ನೆಲದ ಮೇಲೆ ಬಂದರು. ಆಗ ಬೆಳಕು ಹರಿಯುತ್ತಿತ್ತು.

"ಅವನ ಸೀಟಿಗೆ ಒಂದು ಹಿಡಿಕಿ ಇತ್ರಿ," ಎಂದರು ದೇಸಾಯಿ. "ಎಳದ್ರ ಸೀಟ ಮ್ಯಾಲಕ್ಕ ಹಾರಿ ಪ್ಯಾರಾಚೂಟಿನ ಛತ್ರಿ ಬಿಚ್ಚತಿತ್ತು. ನನಗ ಅಂಥಾ ಸೀಟ ಇಲ್ಲ. ನಾ ಮೂತಿಯಿಂದ ತೆವಳಿಕೊಂಡ ಹಿಂದಕ ಬಂದು, ಛತ್ರಿ ಕಟಗೊಂಡು, ಬಾಗಿಲದಿಂದ ಜಿಗೀಬೇಕು. ಅಷ್ಟೊತ್ತು ಯಾರರ ವಿಮಾನ ಸಮ ಹಿಡೀಬೇಕು. ಬಿಟ್ರ ಅದು ಮಗ್ಗಲಾಗಿ ಬೀಳತಿತ್ತು."

ಶೆಡ್ಡಿನಲ್ಲಿ ಒಬ್ಬರೂ ಸೀನಲಿಲ್ಲ.

"ನನ್ನ ಛತ್ರಿ ಸಿಕ್ಕಿ ಹಾಕ್ಕೊಂಡ ಬಿಡ್ತು. 'ನೀ ಹೋಗು ಚನ್ನು' ಅಂತ ಒದರಿದೆ. ಅಂವ ಅಂದ..." ಇಲ್ಲಿ ಅವರು ಶೆಡ್ಡಿನ ಬಾಗಿಲಿಗೆ ಕೈ ತೋರಿಸಿದರು. "ಅಂವ ಕಂಡಕ್ಟರನ ದನಿ ತಗದು, 'ಯಾರ‍್ರೀ ಮೋಟೆಬೆನ್ನೂರ, ಲಗೂ ಇಳ್ಕೊಳ್ರಿ, ಗಾಡಿ ನಿಂದ್ರೂದಿಲ್ಲ' ಅಂದ. ನಾ ಜಿಗದೆ. ಸಾಸಿವಿ ಹೊಲದಾಗ ಬಿದ್ದು ಕಾಲು ಮುರಕೊಂಡೆ. ಮಲಕೊಂಡ ನೋಡಿದೆ. ಮುಂದ ಒಂದು ಹಳ್ಳಿ ಇತ್ತು. ಅದರ ಮನಿ ತಪ್ಪಿಸಿ ಬಲಕ್ಕ ಹೊಳ್ಳಿಸಿದ. ಅಷ್ಟೊತ್ತಿಗೆ ಬಾಳ ಕೆಳಗ ಬಂದಿದ್ದ. ಹಿಡಿಕಿ ಎಳದ್ರೂ ಛತ್ರಿ ಬಿಚ್ಚಾಕ ಎತ್ತರ ಉಳದಿರಲಿಲ್ಲ."

ಗಂಗಕ್ಕ ಕೇಳಿದರು. "ಹೆದರಿದ್ದನೇನ್ರಿ?"

"ಹೆದರಿದ್ದ ಅಕ್ಕಾರ. ಸುಳ್ಳು ಹೇಳೂದಿಲ್ಲ. ಹೆದರಿದಾಗಷ್ಟ ಅಂವ ಕಂಡಕ್ಟರ ಆಗತಿದ್ದ."

"ಇಷ್ಟು ವರ್ಷ ಯಾಕ ಬರಲಿಲ್ಲ? ನಮ್ಮಪ್ಪ 'ಹೆಂಗ ಸತ್ತ, ಹೆಂಗ ಸತ್ತ' ಅನ್ಕೋತನ ಹೋದ. ತಾರಿನ್ಯಾಗ ಎರಡ ಸಾಲು ಇತ್ತು."

"ಬೆಂಗಳೂರಿಗೆ ಹೋಗೂವಾಗ ಬ್ಯಾಡಗಿ ಸ್ಟೇಷನ್ ಬಂದ್ರ ಕಿಡಕಿ ಹಾಕ್ಕೊಂಡು ಕುಂದರತಿದ್ದೆ," ಎಂದರು ದೇಸಾಯಿ. "ನಿಮ್ಮಪ್ಪಾರ ಮುಂದ ಏನಂತ ಬರಲಿ? ನಿಮ್ಮ ಮಗ ಹೋದ, ನಾ ಉಳದೀನಿ, ಚಾ ಕೊಡ್ರಿ ಅಂತ ಬರಲೇನು?"

ಗಂಗಕ್ಕ ಎದ್ದರು. ಬೆಳಗಿನಿಂದ ಸಂಜೆಯವರೆಗೆ ಮೆಣಸಿನಕಾಯಿಯ ನಡುವೆ ಇದ್ದೂ ಒಂದು ಹನಿ ನೀರು ಬಾರದ ಅವರ ಕಣ್ಣ ತುಂಬ ನೀರಿತ್ತು. ಗಟ್ಟಿಯಾಗಿ ಒಳಗೆ ಕೂಗಿದರು. "ಏ ನೀಲವ್ವಾ, ಚಾ ಇಡು! ನಾಲ್ಕು ಕಪ್ಪು!" ಆಮೇಲೆ ದೇಸಾಯಿಯ ಕಡೆ ತಿರುಗಿ, "ಇವತ್ತ ಬೆಳಗಾವಿಗೆ ಹೋಗೂದಿಲ್ಲ ನೀವು. ರೊಟ್ಟಿ ಉಂಡು, ಅವನ ಸುದ್ದಿ ಎಲ್ಲಾ ಹೇಳಿ, ಆಮ್ಯಾಲ ಹೋಗೂದು," ಎಂದರು.

ದೇಸಾಯಿ ಹೆಡ್‌ಮಾಸ್ತರರ ಮನೆಯಲ್ಲಿ ಎಂಟು ದಿನ ಉಳಿದರು. ಆ ಎಂಟು ದಿನದಷ್ಟು ನಕ್ಕು ಕೆಲಸ ಮಾಡಿದ್ದು ನನಗೆ ನೆನಪಿಲ್ಲ. ನಾಲ್ಕು ಫ್ಯಾನು ಅಳಿಸಿದೆ, ಪರದೆ ಅಳಿಸಿದೆ. ರೆಕ್ಕೆಯ ನಡುವೆ ಎರಡು ಜೆಟ್ ಎಂಜಿನ್ ಬಂದವು. ಪೈಲೆಟ್ಟು ಕೂರುವ ಗಾಜಿನ ಗುಮ್ಮಟ ನಡುವಿನಲ್ಲಿರದೆ ಎಡಕ್ಕೆ ಸರಿದಿರುತ್ತದೆಯಂತೆ. ಹಾಗೆಯೇ ಬರೆದೆ. ಈಗ ಊರಿನವರು ಬಂದು, "ಪೇಂಟರ್, ಗುಮ್ಮಟ ಡೊಂಕಾತು" ಎನ್ನತೊಡಗಿದರು. ಅವರಿಗೆಲ್ಲ ದೇಸಾಯಿ ಕುರ್ಚಿಯಲ್ಲಿ ಕುಳಿತು, "ಅದು ಹುಟ್ಟಾ ಡೊಂಕು" ಎಂದು ಉತ್ತರ ಕೊಡುತ್ತಿದ್ದರು. ನನ್ನ ಬೆನ್ನಿಗೆ ಮೊದಲ ಸಲ ಒಬ್ಬ ವಕೀಲ ಸಿಕ್ಕಿದ್ದ.

ಜಗಳವಾದದ್ದು ಮುಖವಾಡದ ಮೇಲೆ. ಹಾರುವಾಗ ಪೈಲೆಟ್ಟಿನ ಮೂಗು ಬಾಯಿಗೆ ಆಮ್ಲಜನಕದ ಮುಖವಾಡ ಇರಲೇಬೇಕು ಎಂದು ದೇಸಾಯಿ. ನಗುವ ಬಾಯಿ ಮುಚ್ಚಿದರೆ ಚಿತ್ರ ಯಾರಿಗೆ ಬೇಕು ಎಂದು ಗಂಗಕ್ಕ.

"ನಿಯಮ ಐತ್ರಿ ಅಕ್ಕಾರ."

"ನಿಯಮ ನೋಡವರು ಬ್ಯಾಡಗಿ ಮ್ಯಾಲ ಹೆಂಗ ಬಂದ್ರಿ?"

ಮುಖವಾಡವನ್ನು ಒಂದು ಕಿವಿಗೆ ಜೋತುಬಿಟ್ಟು, ಕೆಳಗೆ ಆ ನಗು ಬರೆದೆ. ಎಡಗೆನ್ನೆ ಮೇಲೆ, ಎಡಗಣ್ಣು ಮುಚ್ಚಿ, ಬಲಗಣ್ಣು ತೆರೆದು. ದಸ್ತಗೀರ ಉಸ್ತಾದರನ್ನು ರಿಕ್ಷಾದಲ್ಲಿ ಕರೆತಂದು ತೋರಿಸಿದೆ. ಮಂಜುಗಣ್ಣನ್ನು ಗೋಡೆಗೆ ಹತ್ತಿರ ಹಿಡಿದು ನೋಡಿ, "ಇದು ಬೆಕ್ಕು ಅಲ್ಲ ಬಿಡು," ಎಂದರು. ಅವರ ಬಾಯಿಂದ ನಾನು ಕೇಳಿದ ದೊಡ್ಡ ಹೊಗಳಿಕೆ ಅದು.

ಕೆಲಸ ಮುಗಿಯಿತೆಂದು ಬ್ರಶ್ ತೊಳೆಯುತ್ತಿದ್ದಾಗ ಗಂಗಕ್ಕ ಶೆಡ್ಡಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದರು. ಮೂತಿಯಿಂದ ಬಾಲದವರೆಗೆ ನಡೆದು ನೋಡಿದರು. ತಿರುಗಿ ಬಾಲದಿಂದ ಮೂತಿಗೆ ಬಂದರು.

"ಈರಣ್ಣ, ಒಬ್ಬಾಂವ ಕಡಿಮಿ ಆಗ್ಯಾನಲ್ಲ."

"ಯಾರ‍್ರಿ ಅಕ್ಕಾರ?"

"ಮಲಕೊಂಡ ಹೋಗಾಂವ."

ಕುರ್ಚಿಯಲ್ಲಿದ್ದ ದೇಸಾಯಿ ಗಾಬರಿಯಾದರು. "ಬ್ಯಾಡ್ರಿ ಅಕ್ಕಾರ. ನಾ ಬದುಕೇನಿ. ಬದುಕಿದವರನ್ನ ಯಾರ ಗೋಡಿ ಮ್ಯಾಲ ಬರಸ್ತಾರ?"

"ಬದುಕೀರಿ ಅಂತನ ಬರಸಬೇಕು," ಎಂದರು ಗಂಗಕ್ಕ. "ನಮ್ಮ ಚನ್ನು ಒಬ್ಬನ ಇದ್ದಿದ್ರ ಹಿಡಿಕಿ ಎಳಕೊಂಡು ಮನಿಗೆ ಬರತಿದ್ದ. ನೀವು ಇದ್ರಿ ಅಂತ ಹಿಡಕೊಂಡು ಕುಂತ. ನಿಮ್ಮನ್ನ ಬಿಟ್ಟು ಬರದ್ರ, ಅಂವ ಯಾಕ ಸತ್ತ ಅನ್ನೂದ ನೋಡಿದವರಿಗೆ ತಿಳಿಯೂದಿಲ್ಲ. ಬರಿಯೋ ಈರಣ್ಣ."

ಮೂತಿಯ ಗಾಜಿನೊಳಗೆ ಅಂಗೈ ಅಗಲದ ಒಂದು ಮುಖ ಬರೆದೆ. ಇಪ್ಪತ್ತೈದರ ದೇಸಾಯಿ ಹೇಗಿದ್ದರೋ ಗೊತ್ತಿರಲಿಲ್ಲ. ಎದುರಿಗಿದ್ದ ಮುಖದಿಂದ ಮೂವತ್ತೆರಡು ವರ್ಷ ತೆಗೆದು ಹಾಕಿದೆ. ಅವರು ಹತ್ತಿರ ಬಂದು ನೋಡಿ, "ಮೂಗು ಇಷ್ಟ ದೊಡ್ಡದೈತೇನ್ರಿ ನಂದು?" ಎಂದರು. ಹೆಂಗಸರು ಒಕ್ಕೊರಲಿನಿಂದ "ಐತ್ರಿ" ಎಂದರು.

ಉದ್ಘಾಟನೆಯ ದಿನ ಭಾಷಣಗಳಾದವು, ಹಾರ ಹಾಕಿದರು, ಮಕ್ಕಳು ಹಾಡಿದರು. ಜನ ಕರಗಿದ ಮೇಲೂ ದೇಸಾಯಿ ಗೋಡೆಯ ಮುಂದೆ ನಿಂತೇ ಇದ್ದರು. ಅವರು ತಮ್ಮ ಮುಖ ನೋಡುತ್ತಿರಲಿಲ್ಲ. ಗುಮ್ಮಟದ ಕೆಳಗಿನ ಆ ಒಂದು ಕಣ್ಣಿನ ನಗುವನ್ನು ನೋಡುತ್ತಿದ್ದರು. ಗಂಗಕ್ಕ ಹೋಗಿ ಅವರ ಪಕ್ಕದಲ್ಲಿ ನಿಂತರು.

"ನೆಲದ ಮ್ಯಾಲ ನೂರು ಸರ್ತಿ ನೋಡೀನಿ ಅಕ್ಕಾರ ಇವನ ನಗಿ," ಎಂದರು ದೇಸಾಯಿ. "ಮ್ಯಾಲ ಇದ್ದಾಗ ಒಮ್ಮೆನೂ ನೋಡಿಲ್ಲ. ನಾ ಮುಂದ ಮಲಕೊಂಡಿರತಿದ್ದೆ, ಅಂವ ನನ್ನ ಹಿಂದ. ಬರೇ ಕೇಳಿಸತಿತ್ತು."

ಗಂಗಕ್ಕ ಶಾಲೆಯ ಕಟ್ಟೆಯನ್ನು ಸೆರಗಿನಿಂದ ಒರೆಸಿ, ಅವರನ್ನು ಕೈಹಿಡಿದು ಕೂರಿಸಿದರು.

"ಈಗ ನೋಡ್ರಿ," ಎಂದರು. "ಎಷ್ಟೊತ್ತ ಬೇಕಾದ್ರ ನೋಡ್ರಿ."